ವೈದ್ಯಕೀಯ ಸೀಟು ಕಾಲೇಜಿನ ಫಲಕದಲ್ಲಿಲ್ಲ

(ಎಸೆಸೆಲ್ಸಿ ವಿದ್ಯಾರ್ಥಿಗಳ ಹೆತ್ತವರಿಗಾಗಿ ಪುತ್ತೂರಿನಲ್ಲಿ ಏರ್ಪಡಿಸಲಾದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಎಸೆಸೆಲ್ಸಿ ಫಲಿತಾಂಶ ಪ್ರಕಟವಾಗುವುದರೊಂದಿಗೆ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಮಗಳು ಡಾಕ್ಟರ್ ಆಗಬೇಕೆನ್ನುತ್ತಾಳೆ, ಯಾವ ಪಿಯು ಕಾಲೇಜಿಗೆ ಸೇರಿಸಬೇಕು? ಊರಿನ ಸರಕಾರಿ ಕಾಲೇಜೇ, ಪುತ್ತೂರಿನ ಖಾಸಗಿ ಕಾಲೇಜೇ, ಅಥವಾ ಮಂಗಳೂರು, ಮೂಡಬಿದಿರೆಗಳ ಹಾಸ್ಟೆಲೇ? ನಾವು ವಿಜ್ಞಾನ ಓದಿದವರಲ್ಲ. ಮದ್ರಸದಿಂದ ಕಲಾ ಪದವಿಗೆ ಹೋದವರು. ಆದರೆ ಸರಕಾರದ ನಿಯಮಾವಳಿಯನ್ನು ಓದಲು ವಿಜ್ಞಾನ ಬೇಕಿಲ್ಲ, ತಾಳ್ಮೆ ಸಾಕು.

2017ರಿಂದ ನಮ್ಮ ರಾಜ್ಯದಲ್ಲಿ ಎಂಬಿಬಿಎಸ್ ಪ್ರವೇಶಕ್ಕೆ ನೀಟ್ ಒಂದೇ ಮಾನದಂಡ. ಪಿಯುಸಿಯ ಅಂಕ ಅರ್ಹತೆಗೆ ಮಾತ್ರ: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟಾಗಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲಾತಿ ವರ್ಗಕ್ಕೆ ಶೇ. 40. ಶೇ. 98 ಪಡೆದವನಿಗೂ ಶೇ. 60 ಪಡೆದವನಿಗೂ ಅಲ್ಲಿ ವ್ಯತ್ಯಾಸವಿಲ್ಲ. ಓದಿದ ಕಾಲೇಜಿನ ಹೆಸರಿಗೆ ರ‍್ಯಾಂಕ್ ಪಟ್ಟಿಯಲ್ಲಿ ಒಂದಂಕದ ಬೆಲೆಯೂ ಇಲ್ಲ. ಸುಳ್ಯದಲ್ಲಿ 2002ರಿಂದ ಕೆವಿಜಿ ವೈದ್ಯಕೀಯ ಕಾಲೇಜು ಇದೆ. ಹಾಗೆಂದು ಅಲ್ಲಿನ ಸರಕಾರಿ ಕೋಟಾದ ಸೀಟಿನಲ್ಲಿ ಸುಳ್ಯದ ಮಗುವಿಗೆ ಪ್ರತ್ಯೇಕ ಪಾಲಿಲ್ಲ. ಬೇರೆ ಜಿಲ್ಲೆಯ ಮಗುವೂ ಅದೇ ಸಾಲಿನಲ್ಲಿ ನಿಲ್ಲುತ್ತದೆ.

ಹಾಗಾದರೆ ಕಾಲೇಜಿನ ಆಯ್ಕೆ ನಿರರ್ಥಕವೇ? ಅಲ್ಲ. ನೀಟ್‌ನ 720 ಅಂಕಗಳಲ್ಲಿ 360 ಅಂಕ ಜೀವಶಾಸ್ತ್ರಕ್ಕೆ ಸೇರಿದೆ. ತಪ್ಪು ಉತ್ತರವೊಂದಕ್ಕೆ ಒಂದು ಅಂಕ ಕಡಿತವಾಗುತ್ತದೆ. ಇದು ಅಭ್ಯಾಸದ ಪರೀಕ್ಷೆ. ಯಾವ ಕಾಲೇಜಿನಲ್ಲಿ ಮೂರೂ ವಿಷಯಗಳಿಗೆ ಖಾಯಂ ಉಪನ್ಯಾಸಕರಿದ್ದಾರೆ, ಯಾವುದು ವಾರವಾರ ಪರೀಕ್ಷೆ ನಡೆಸಿ ತಪ್ಪನ್ನು ತಿದ್ದುತ್ತದೆ, ಅದು ಒಳ್ಳೆಯ ಕಾಲೇಜು. ನಮ್ಮ ರಾಜ್ಯದ ಪಿಯು ವಿಜ್ಞಾನ ವಿಭಾಗ ಎನ್‌ಸಿಇಆರ್‌ಟಿ ಪಠ್ಯಕ್ರಮವನ್ನು 2012ರಲ್ಲಿಯೇ ಸ್ವೀಕರಿಸಿದೆ. ನೀಟ್‌ಗೆ ಓದಬೇಕಾದ ಮೂಲ ಪುಸ್ತಕವೂ ಅದುವೇ. ಕೊಂಬೆಟ್ಟಿನ ಸರಕಾರಿ ಕಾಲೇಜಿನ ವಿದ್ಯಾರ್ಥಿಯ ಚೀಲದಲ್ಲಿರುವುದೂ ಲಕ್ಷಾಂತರ ಶುಲ್ಕ ತೆತ್ತವನ ಚೀಲದಲ್ಲಿರುವುದೂ ಒಂದೇ ಪುಸ್ತಕವೆಂದಾಯಿತು. ವ್ಯತ್ಯಾಸವಿರುವುದು ಓದಲು ಸಿಗುವ ಗಂಟೆಗಳಲ್ಲಿ. ಕಡಬದ ಒಳ ಗ್ರಾಮದಿಂದ ಬೆಳಗ್ಗಿನ ಬಸ್ಸು ಹಿಡಿದು ಪುತ್ತೂರಿಗೆ ಬಂದು ಮಗ್ರಿಬ್‌ನ ಹೊತ್ತಿಗೆ ಮನೆ ಸೇರುವ ಹುಡುಗಿಗೆ ಎಷ್ಟು ಗಂಟೆ ಉಳಿದೀತು? ಅವಳಿಗೆ ಹತ್ತಿರದ ಸಾಧಾರಣ ಕಾಲೇಜು ದೂರದ ಪ್ರಖ್ಯಾತ ಕಾಲೇಜಿಗಿಂತ ಮೇಲಾಗಬಹುದು.

ಇನ್ನೊಂದು ವಿಷಯ ಪಿಯು ಕಾಲೇಜಿಗಿಂತಲೂ ಹಿಂದಿನದು, ನಮ್ಮವರು ಹೆಚ್ಚು ಎಡವುವುದು ಇಲ್ಲಿಯೇ. ರಾಜ್ಯ ಕೋಟಾದ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಒಂದರಿಂದ ಹತ್ತನೆಯ ತರಗತಿಯ ವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಪಿಯುಸಿಯನ್ನು ನಗರದಲ್ಲಿ ಓದಿದರೆ ಅಡ್ಡಿಯಿಲ್ಲ. ಆದರೆ ಎಂಟನೆಯ ತರಗತಿಗೆ ಮಗನನ್ನು ಹಳ್ಳಿಯ ಶಾಲೆಯಿಂದ ಬಿಡಿಸಿ ಪುತ್ತೂರು ಪೇಟೆಯ ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸಿದ ತಂದೆ ಅಂದೇ ಈ ಎರಡೂ ಸೌಲಭ್ಯಗಳನ್ನು ಕೈಬಿಟ್ಟಿರುತ್ತಾನೆ, ಅದೂ ತನಗೆ ತಿಳಿಯದೆ. ಕಡಬ ಈಗ ಪಟ್ಟಣ ಪಂಚಾಯತ್ ಆಗಿರುವುದರಿಂದ ತಮ್ಮ ಶಾಲೆ ಯಾವ ಪಟ್ಟಿಯಲ್ಲಿದೆ ಎಂಬುದನ್ನು ಅಲ್ಲಿಯವರು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಪ್ರವರ್ಗ 2ಬಿಯ ಶೇ. 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ರದ್ದುಪಡಿಸಲು ಹೊರಟಿತು. ಪ್ರಕರಣ ಸುಪ್ರೀಮ್ ಕೋರ್ಟಿನ ಮುಂದೆ ಬಂದಾಗ ಆ ಆದೇಶ ಜಾರಿಗೆ ಬರಲಿಲ್ಲ. ಹಕ್ಕಿಗಾಗಿ ಬೀದಿಯಲ್ಲಿ ಘೋಷಣೆ ಕೂಗಿದ ನಮ್ಮಲ್ಲಿ ಎಷ್ಟು ಮಂದಿ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಸಕಾಲದಲ್ಲಿ ಮಾಡಿಸಿಟ್ಟಿದ್ದೇವೆ?

ಹೆಣ್ಣು ಮಕ್ಕಳ ಕುರಿತು ಮೌನವಾಗಿರಲಾಗದು. 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರ ಭಿನ್ನ ತೀರ್ಪು, ನಮ್ಮದೇ ಉಪ್ಪಿನಂಗಡಿಯ ಸರಕಾರಿ ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿನಿಯರ ಅಮಾನತು, ಇವೆಲ್ಲ ನಡೆದ ಬಳಿಕ ಅನೇಕ ಹೆತ್ತವರು ಕಾಲೇಜನ್ನು ಆರಿಸುವಾಗ ಮೊದಲು ಕೇಳುವುದು ಉಪನ್ಯಾಸಕರ ಬಗ್ಗೆ ಅಲ್ಲ, ಶಿರವಸ್ತ್ರದ ಬಗ್ಗೆ. ಅವರನ್ನು ದೂಷಿಸಲಾರೆವು. ಪ್ರಭುತ್ವವೇ ಆ ಪ್ರಶ್ನೆಯನ್ನು ಅವರ ಬಾಯಲ್ಲಿ ಇಟ್ಟಿತು. ಆದರೆ ಆ ನೆಪದಲ್ಲಿ ವಿಜ್ಞಾನ ಬಯಸಿದ ಮಗಳನ್ನು ಮನೆಯಲ್ಲಿ ಕೂರಿಸುವುದು ಅಥವಾ ವಿಜ್ಞಾನವೇ ಇಲ್ಲದ ಸಂಸ್ಥೆಗೆ ಸೇರಿಸುವುದು ನಮ್ಮ ತಪ್ಪು, ಪ್ರಭುತ್ವದ್ದಲ್ಲ.

ನಮಗೆ ಪರಿಚಿತವಾದ ಒಂದು ಕುಟುಂಬವಿದೆ. ತಂದೆ ಗಲ್ಫ್‌ನಿಂದ ಮರಳಿದವರು. ಮಗನನ್ನು ದೂರದ ವಸತಿ ಕಾಲೇಜಿಗೆ ಸೇರಿಸಲು ಪತ್ನಿಯ ಚಿನ್ನ ಮಾರಿದರು. ನೀಟ್‌ನಲ್ಲಿ ಮೊದಲ ಬಾರಿ ಸರಕಾರಿ ಸೀಟಿಗೆ ಸ್ವಲ್ಪ ಅಂಕಗಳ ಕೊರತೆಯಾಯಿತು. ಇನ್ನೊಂದು ವರ್ಷ ಓದಿಸಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಹುಡುಗ ಈಗ ಅಂಗಡಿಯಲ್ಲಿದ್ದಾನೆ. ನೀಟ್ ಬರೆಯಲು ಗರಿಷ್ಠ ವಯೋಮಿತಿಯಿಲ್ಲ, ಎರಡನೆಯ ಪ್ರಯತ್ನದಲ್ಲಿ ಗೆದ್ದವರು ಧಾರಾಳ. ಆದ್ದರಿಂದ ಇರುವ ಹಣವನ್ನು ಎರಡು ವರ್ಷಕ್ಕಲ್ಲ, ಮೂರು ವರ್ಷಕ್ಕೆ ಹಂಚಬೇಕು. ಊರಿನ ಕಾಲೇಜಿನಲ್ಲಿ ಪಿಯುಸಿ ಮುಗಿಸಿ, ಅಗತ್ಯ ಬಿದ್ದರೆ ಒಂದು ವರ್ಷ ತರಬೇತಿಗೆ ಕಳುಹಿಸುವ ದಾರಿಯೂ ಇದೆ. ಬೀದರಿನಲ್ಲಿ 1989ರಲ್ಲಿ ಸಣ್ಣದಾಗಿ ಆರಂಭಗೊಂಡ ಶಾಹೀನ್ ಸಂಸ್ಥೆ, ಕುರ್‌ಆನ್ ಕಂಠಪಾಠ ಮಾಡಿದ ಹಾಫಿಝ್‌ಗಳನ್ನೂ ಪಿಯುಸಿಗೆ ತಂದು ವೈದ್ಯಕೀಯ ಕಾಲೇಜಿಗೆ ಕಳುಹಿಸಿದೆ. ಅದನ್ನು ಹೊಗಳಿ ಭಾಷಣ ಮಾಡುವ ನಾವು, ನಮ್ಮ ಮೂರು ತಾಲೂಕುಗಳ ಮಸೀದಿ ಕಟ್ಟಡಗಳ ಮೇಲಂತಸ್ತಿನ ಕೊಠಡಿಗಳನ್ನು ರಾತ್ರಿ ಹತ್ತರ ವರೆಗೆ ಓದುವ ಮಕ್ಕಳಿಗೆ ತೆರೆದಿಡಲು ಯಾಕೆ ಹಿಂಜರಿಯುತ್ತೇವೋ ತಿಳಿಯದು. ವಿದ್ಯುತ್ ಬಿಲ್ಲಿನ ಚಿಂತೆಯಾದರೆ, ಒಂದು ಮದುವೆಯ ಅಲಂಕಾರದ ಖರ್ಚು ಅದಕ್ಕೆ ವರ್ಷವಿಡೀ ಸಾಕಾದೀತು.

ವ್ಯಾಸಂಗ ಪ್ರಮಾಣಪತ್ರದ ನಮೂನೆಗಳು ಬಾಗಿಲ ಬಳಿಯ ಕಾರ್ಯಕರ್ತರ ಕೈಯಲ್ಲಿವೆ. ಏಳನೆಯ, ಎಂಟನೆಯ ತರಗತಿಯ ಮಕ್ಕಳಿರುವವರೂ ಒಂದೊಂದು ಪ್ರತಿಯನ್ನು ಕೊಂಡುಹೋಗಬೇಕಾಗಿ ವಿನಂತಿ.