ಮಗಳ ಮನೆಯ ಹಿತ್ತಿಲಲ್ಲಿ ಬೆಂಕಿ ಇರುವೆ

ಅಮೆರಿಕದ ಟೆಕ್ಸಾಸಿನಲ್ಲಿ ಮಗಳ ಮನೆಗೆ ಹೋಗಿದ್ದ ನಮ್ಮಕ್ಕ ಒಂದು ಫೋಟೋ ಕಳಿಸಿದ್ದಳು. ಪಾದದಿಂದ ಕಣಕಾಲಿನವರೆಗೆ ಹದಿನೈದಿಪ್ಪತ್ತು ಗುಳ್ಳೆ, ಒಂದೊಂದರ ನೆತ್ತಿಯಲ್ಲೂ ಸಾಸಿವೆಯಷ್ಟು ಬಿಳಿ ಕೀವು. ಕರಿಬೇವಿನ ಗಿಡಕ್ಕೆ ನೀರು ಹಾಕಲು ಬರಿಗಾಲಲ್ಲಿ ಹಿತ್ತಿಲಿಗಿಳಿದಿದ್ದಳಂತೆ. "ಪಿನ್ನು ಕಾಯಿಸಿ ಒಡೆದುಬಿಡ್ಲೇನೋ?" ಅಂದಳು. "ಬೇಡ ಅಕ್ಕ, ಮುಟ್ಟಲೇಬೇಡ" ಅಂದೆ.

ಅವಳನ್ನು ಕಚ್ಚಿದ್ದು ಬೆಂಕಿ ಇರುವೆ. ಅದು ಅಲ್ಲಿಯದೂ ಅಲ್ಲ. 1930ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ಅಲಬಾಮದ ಮೊಬೈಲ್ ಬಂದರಿಗೆ (ಫೋನಲ್ಲ, ಊರಿನ ಹೆಸರೇ ಅದು) ಬಂದಿಳಿದು, ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿತು. ಹುಲ್ಲಿನ ನಡುವೆ ಸಡಿಲ ಮಣ್ಣಿನ ಗುಡ್ಡೆ, ಮೇಲೆ ಒಂದು ತೂತೂ ಕಾಣದು. ಕಾಲಿಟ್ಟರೆ ಸದ್ದಿಲ್ಲದೆ ನೂರಾರು ಹತ್ತುತ್ತವೆ. ಒಂದೊಂದೂ ಬಾಯಿಂದ ಚರ್ಮ ಕಚ್ಚಿ ಹಿಡಿದು, ಹಿಂಬದಿಯ ಕೊಂಡಿಯಿಂದ ಸುತ್ತಲೂ ನಾಲ್ಕಾರು ಸಲ ಚುಚ್ಚುತ್ತದೆ. ನೀರು ಸುರಿದರೆ ಬಿಡುವುದಿಲ್ಲ, ಕೈಯಿಂದಲೋ ಬಟ್ಟೆಯಿಂದಲೋ ಉಜ್ಜಿ ಕೆಡವಬೇಕು.

ಕಚ್ಚಿ ಒಂದು ದಿನದೊಳಗೆ ಕೀವುಗುಳ್ಳೆ ಎದ್ದರೆ ಅದು ಈ ಇರುವೆಯ ರುಜು. ನೋಡಲು ಹೆದರಿಕೆಯಾದರೂ ಅದು ಸೋಂಕಲ್ಲ, ಅಲರ್ಜಿಯೂ ಅಲ್ಲ. ವಿಷ ಸುಟ್ಟ ಗುರುತು. ಸೋಪು ನೀರಲ್ಲಿ ತೊಳೆದು ಐಸ್ ಒತ್ತಿ, ತುರಿಕೆಗೆ ಸೆಟಿರಿಜಿನ್‌ನಂಥ ಮಾತ್ರೆ ಸಾಕು. ವಾರ ಹತ್ತು ದಿನದಲ್ಲಿ ಆರುತ್ತದೆ. ಸುಣ್ಣ ಹಚ್ಚಬೇಡಿ. ಗುಳ್ಳೆ ಒಡೆದರೆ ನಿಜವಾದ ಸೋಂಕು ಒಳಹೋಗಬಹುದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಇದನ್ನು ಹಗುರವಾಗಿ ಕಾಣಬಾರದು. ಕೆಲವರಿಗೆ ಮಾರನೆಯ ದಿನ ಇಡೀ ಪಾದ ಊದಿಕೊಳ್ಳುತ್ತದೆ. ಅದು ಅಲರ್ಜಿಯೇ, ಆದರೆ ಅಲ್ಲಿಗೇ ನಿಲ್ಲುವಂಥದ್ದು.

ಅಪಾಯದ ಅಲರ್ಜಿಯ ಸುಳಿವು ಕಚ್ಚಿದ ಜಾಗದಲ್ಲಿ ಸಿಗುವುದಿಲ್ಲ. ಕಚ್ಚಿದ್ದು ಕಾಲಿಗೆ, ದದ್ದು ಎದ್ದಿದ್ದು ಹೊಟ್ಟೆ ಬೆನ್ನಿನ ಮೇಲೆ. ತುಟಿ ದಪ್ಪಗಾಯಿತು, ಗಂಟಲು ಬಿಗಿಯಿತು, ಉಸಿರಲ್ಲಿ ಸಿಳ್ಳೆ ಬಂತು, ವಾಂತಿಯಾಯಿತು, ಕಣ್ಣು ಕತ್ತಲಿಟ್ಟಿತು. ಇದು ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ. ಹಿಂದೊಮ್ಮೆ ಕಚ್ಚಿಸಿಕೊಂಡು ಏನೂ ಆಗದವರಿಗೂ ಬರಬಹುದು. ಇದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಬದಿಯ ಸ್ನಾಯುವಿಗೆ. ತುರಿಕೆ ಮಾತ್ರೆ ನುಂಗಿ ಕಾಯುತ್ತ ಕೂತರೆ ಹೊತ್ತು ಮೀರುತ್ತದೆ. ಅಲ್ಲಿದ್ದರೆ 911ಕ್ಕೆ, ಇಲ್ಲಿದ್ದರೆ 108ಕ್ಕೆ ಫೋನ್ ಮಾಡಿ. ಬಿಲ್ಲು ಎಷ್ಟಾಗುತ್ತದೋ ಎಂದು ಅಳಿಯನ ಮುಖ ನೋಡುತ್ತ ಕೂರಬೇಡಿ. ತಲೆಸುತ್ತು ಇದ್ದರೆ ಮಲಗಿಸಿ ಕಾಲನ್ನು ಎತ್ತರಕ್ಕಿಡಿ, ಎದ್ದು ಓಡಾಡಲು ಬಿಡಬೇಡಿ. ಉಸಿರು ಕಟ್ಟುತ್ತಿದ್ದರೆ ಒರಗಿ ಕೂರಲಿ. ಇಂಜೆಕ್ಷನ್ನಿಂದ ಸುಧಾರಿಸಿದರೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಲೇಬೇಕು, ತಾಸುಗಳ ನಂತರ ಮತ್ತೆ ಮರುಕಳಿಸುವುದುಂಟು.

ಇಂಥದ್ದು ಒಮ್ಮೆ ಆದವರು ಅಲರ್ಜಿ ತಜ್ಞರನ್ನು ಕಾಣಬೇಕು. ನಿಮ್ಮ ಮಾತೇ ಅವರಿಗೆ ಮೊದಲ ಪರೀಕ್ಷೆ: ಯಾವ ಇರುವೆ, ಎಷ್ಟು ನಿಮಿಷಕ್ಕೆ ಏನಾಯಿತು, ಮಾರನೆಯ ದಿನ ಕೀವುಗುಳ್ಳೆ ಎದ್ದಿತೇ? ಆಮೇಲೆ ಚರ್ಮದ ಪರೀಕ್ಷೆ, ರಕ್ತದಲ್ಲಿ ಐಜಿಇ (ಅಲರ್ಜಿಯ ಪ್ರತಿಕಾಯ) ಪರೀಕ್ಷೆ. ಚರ್ಮದ ಪರೀಕ್ಷೆ ತೀರ ಬೇಗ ಮಾಡಿದರೆ ಇದ್ದ ಅಲರ್ಜಿಯೂ ಇಲ್ಲವೆಂದು ತೋರಬಹುದು, ಅದಕ್ಕೇ 4ರಿಂದ 6 ವಾರ ಕಾಯುತ್ತಾರೆ. ಅಲರ್ಜಿ ಖಚಿತವಾದರೆ ಇರುವೆಯ ಸಾರವನ್ನೇ ಸ್ವಲ್ಪಸ್ವಲ್ಪವಾಗಿ ಚುಚ್ಚಿ ಮೈಗೆ ರೂಢಿ ಮಾಡಿಸುವ ಚಿಕಿತ್ಸೆಯಿದೆ. ಸಾಮಾನ್ಯವಾಗಿ 3ರಿಂದ 5 ವರ್ಷ ಹಿಡಿಯುತ್ತದೆ.

ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆ ನುಂಗುವವರಿಗೆ ಇನ್ನೊಂದು ಮಾತು. ಇವುಗಳಿಂದ ಅಡ್ರಿನಲಿನ್ನಿನ ಪರಿಣಾಮ ಕುಗ್ಗಬಹುದು. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಅಮೆರಿಕಕ್ಕೆ ಹೊರಡುವ ಮುಂಚೆ ವೈದ್ಯರನ್ನು ಕೇಳಿ. ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟುವಾಗ ನಿಮ್ಮ ಮಾತ್ರೆಗಳ ಚೀಟಿ ಪರ್ಸಿನಲ್ಲಿರಲಿ. ಕಣಕಾಲು ಮುಚ್ಚುವ ಕಾಲುಚೀಲ, ಒಂದು ಜೊತೆ ಶೂ ಪೆಟ್ಟಿಗೆಯಲ್ಲಿರಲಿ.