ಬಡಾವಣೆ ಬರುವ ಊರಿನ ಅಭಿಪ್ರಾಯ

‘ಮೂವತ್ತು ನಲವತ್ತು’ ಎಂದರೆ ಪೇಟೆಯಲ್ಲಿರುವ ನಮಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನ. ಬಾಡಿಗೆಯ ಮನೆಗಳಲ್ಲಿ ಹತ್ತಾರು ವರ್ಷ ಕಳೆದ ಸಂಸಾರ ಕನಸಿನಲ್ಲಿ ಕಾಣುವ ಅಳತೆ. ಅದೇ ನೆಲವನ್ನು ಹಳ್ಳಿಯಲ್ಲಿ ಅಡಿಯ ಲೆಕ್ಕದಲ್ಲಿ ಹೇಳುವುದಿಲ್ಲ, ಗುಂಟೆಯ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಗುಂಟೆಗೆ 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಆದ್ದರಿಂದ ನಿಮ್ಮ ಮೂವತ್ತು ನಲವತ್ತು ರೈತನ ಲೆಕ್ಕದಲ್ಲಿ ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆ ಒಂದು ಗುಂಟೆಯಲ್ಲಿ ಸೊಪ್ಪು ಹಾಕಿ, ಕಟ್ಟು ಕಟ್ಟಿ, ಬೆಳಗಿನ ಬಸ್ಸಿಗೆ ಹೊತ್ತುಕೊಂಡು ಬಂದು ನಿಮ್ಮ ಬೀದಿಯಲ್ಲಿ ಮಾರುವ ಹೆಂಗಸರೂ ಉಂಟು.

ನಿವೇಶನಕ್ಕೆ ಅರ್ಜಿ ಹಾಕುವಾಗ ನಾವು ಏನೇನೋ ವಿಚಾರಿಸುತ್ತೇವೆ. ಠೇವಣಿ ಎಷ್ಟು, ಕಂತು ಎಷ್ಟು, ನೀರು ಬಂದಿದೆಯೇ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಮಕ್ಕಳಿಗೆ ಶಾಲೆ ಹತ್ತಿರವೇ. ಆ ನೆಲ ಯಾವ ಊರಿನದು, ಆ ಊರಿನವರು ಈ ವಿಷಯದಲ್ಲಿ ಏನೆನ್ನುತ್ತಾರೆ ಎಂದು ಕೇಳುವ ರೂಢಿ ಮಾತ್ರ ಇಲ್ಲ. ಕೇಳದಿರುವುದು ದುರುದ್ದೇಶದಿಂದೇನೂ ಅಲ್ಲ. ನಮ್ಮ ಕೈಗೆ ಬರುವ ನಕ್ಷೆಯಲ್ಲಿ ಊರು ಇರುವುದೇ ಇಲ್ಲ. ಅಡ್ಡರಸ್ತೆ, ಉದ್ದರಸ್ತೆ, ಉದ್ಯಾನ, ಮೂಲೆ ನಿವೇಶನ, ಇಷ್ಟೇ ಇರುತ್ತದೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಊರಿನ ಗುರುತು ಹೆಸರಿನಲ್ಲಿ ಉಳಿದಿದೆ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದ ಸುತ್ತ ನಡೆದರೆ ಭೈರಸಂದ್ರ, ಯಡಿಯೂರು, ಮಾರೇನಹಳ್ಳಿ, ಸಾರಕ್ಕಿ ಎದುರಾಗುತ್ತವೆ. ಇವೆಲ್ಲ ಒಂದು ಕಾಲಕ್ಕೆ ಹೊಲ, ಕೆರೆ, ಗುಡಿ ಇದ್ದ ಹಳ್ಳಿಗಳು. ಈಗ ಬಸ್ಸಿನ ನಿಲ್ದಾಣಗಳು. ಅಲ್ಲಿನ ಒಕ್ಕಲುಮಕ್ಕಳು ಆಗ ಏನು ಮಾತನಾಡಿಕೊಂಡರೆಂಬುದನ್ನು ಇಂದು ಯಾರನ್ನು ಕೇಳೋಣ? ಆದರೆ ಈಚಿನ ಬಡಾವಣೆಗಳ ಮಾತು ಹಾಗಲ್ಲ. ಅವುಗಳ ಕಥೆ ಕೋರ್ಟಿನ ಕಡತಗಳಲ್ಲಿ ಇದೆ, ತಕರಾರು ಹೇಳಿದವರೂ ನಮ್ಮ ನಡುವೆಯೇ ಇದ್ದಾರೆ.

ಬೆಂಗಳೂರಿನ ಉತ್ತರಕ್ಕೆ ಸೋಮಶೆಟ್ಟಿಹಳ್ಳಿ, ಗಾಣಿಗರಹಳ್ಳಿ, ಬ್ಯಾಲಕೆರೆ, ರಾಮಗೊಂಡನಹಳ್ಳಿ ಮುಂತಾದ ಹದಿನೇಳು ಹಳ್ಳಿಗಳಿವೆ. 2008ರ ಡಿಸೆಂಬರ್ 30ರಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಈ ಹಳ್ಳಿಗಳ 3,546 ಎಕರೆ 12 ಗುಂಟೆ ನೆಲ ಬಡಾವಣೆಗೆ ಬೇಕೆಂದು ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಬಡಾವಣೆಗೆ ಇಟ್ಟ ಹೆಸರು ಡಾಕ್ಟರ್ ಶಿವರಾಮ ಕಾರಂತರದು. ‘ಚೋಮನ ದುಡಿ’ಯನ್ನು ಬರೆದವರು ಕಾರಂತರು, ತನ್ನದೆನ್ನುವ ತುಂಡು ನೆಲವನ್ನು ಉಳಬೇಕೆಂಬ ಆಸೆಯಲ್ಲೇ ಸವೆದುಹೋದವನು ಚೋಮ. ಹೆಸರಿಟ್ಟವರಿಗೆ ಇದು ನೆನಪಿತ್ತೋ ಇಲ್ಲವೋ, ನನಗಂತೂ ಆ ಹೆಸರು ಕೇಳಿದಾಗಲೆಲ್ಲ ಚೋಮನೇ ಕಣ್ಣ ಮುಂದೆ ಬರುತ್ತಾನೆ.

ಅಧಿಸೂಚನೆ ಬಂದ ಊರಿನಲ್ಲಿ ಏನಾಗುತ್ತದೆ? ಗಜೆಟ್ಟಿನಲ್ಲಿ ಸರ್ವೆ ನಂಬರುಗಳು ಅಚ್ಚಾಗುತ್ತವೆ. ಚೆಕ್ಕುಬಂದಿ, ಎಕರೆ, ಗುಂಟೆ, ಖರಾಬು ಎಲ್ಲ ಬರುತ್ತದೆ. ಪ್ರಾಧಿಕಾರದ 1976ರ ಕಾನೂನಿನ ಹದಿನೇಳನೆಯ ಕಲಮಿನಂತೆ, ಕಂದಾಯದ ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವರಿಗೆ ನೋಟೀಸು ಹೋಗಬೇಕು. ನೋಟೀಸು ಮುಟ್ಟಿದ ಮೂವತ್ತು ದಿನಗಳೊಳಗೆ ಅವರು ತಮ್ಮ ತಕರಾರನ್ನು ಹೇಳಬೇಕು. ಓದಿದರೆ ಸರಿಯಾಗಿಯೇ ಇದೆ. ನೆಲ ಯಾರದೋ ಅವರನ್ನು ಕೇಳಿದರಾಯಿತಲ್ಲ ಎಂದು ನಿಮಗೆ ತೋರಬಹುದು. ನಾನು ತಕರಾರು ತೆಗೆಯುವುದು ಇಲ್ಲಿಯೇ. ಪಹಣಿಯಲ್ಲಿ ಹೆಸರಿರುವುದು ಊರಿನಲ್ಲಿ ಕೆಲವರದು; ನೆಲದ ಮೇಲೆ ಬದುಕುವವರು ಊರಿನವರೆಲ್ಲ.

ಅರಳೀಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ. ರಸ್ತೆಯ ಅಂಚಿಗೆ ಹತ್ತು ಎಕರೆ ಇರುವ ಹಿಡುವಳಿದಾರನಿಗೆ ಬಡಾವಣೆ ಬೇಡವೆಂಬುದಿಲ್ಲ, ಸರ್ಕಾರದ ಬಡಾವಣೆ ಬೇಡ. ಖಾಸಗಿಯವರಿಗೆ ಕೊಟ್ಟರೆ ಹೆಚ್ಚು ಬರುತ್ತದೆಂಬುದು ಅವನ ಲೆಕ್ಕ. ಅವನು ವಕೀಲರನ್ನು ಇಡಬಲ್ಲ. ಅವನ ಅಭಿಪ್ರಾಯ ಕೋರ್ಟನ್ನು ಮುಟ್ಟುತ್ತದೆ, ಪತ್ರಿಕೆಯನ್ನೂ ಮುಟ್ಟುತ್ತದೆ. ಅವನ ಪಕ್ಕದಲ್ಲಿ ಇಪ್ಪತ್ತು ಗುಂಟೆಯವನು ಕುಳಿತಿರುತ್ತಾನೆ. ರಾಗಿ, ಅವರೆ, ಬದುವಿನಲ್ಲಿ ನಾಲ್ಕು ಸಾಲು ಹೂವು. ಮನೆಯಲ್ಲಿ ಎರಡು ಹಸು. ಮಗ ಪೇಟೆಯಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ಅಪ್ಪನಿಗೆ ನೆಲ ಬೇಕು, ಮಗನಿಗೆ ಕಾರಿನ ಸಾಲ ತೀರಬೇಕು. ಆ ಮನೆಯ ಅಭಿಪ್ರಾಯವೇನು ಎಂದು ನೀವು ಕೇಳಿದರೆ ಉತ್ತರ ಬರುವುದು ಯಾರು ಬಾಗಿಲು ತೆಗೆದರು ಎಂಬುದರ ಮೇಲೆ.

ಮೂರನೆಯವನಿಗೆ ಪಹಣಿಯಲ್ಲಿ ಹೆಸರೇ ಇಲ್ಲ. ಗೌಡರ ಜಮೀನನ್ನು ವಾರಕ್ಕೆ ಮಾಡುತ್ತಾನೆ, ಬೆಳೆದದ್ದರಲ್ಲಿ ಪಾಲು. ಬರಹದಲ್ಲಿ ಏನೂ ಇಲ್ಲ. ಪರಿಹಾರ ಗೌಡರಿಗೆ ಬರುತ್ತದೆ, ಅವನಿಗೆ ಬರುವುದು ನೇಗಿಲು ಮನೆಗೆ ತೆಗೆದುಕೊಂಡು ಹೋಗೆಂಬ ಮಾತು. ಕುರಿ ಮೇಯಿಸುವವನದು ಇನ್ನೂ ವಿಚಿತ್ರ. ಅವನ ಬದುಕು ಗೋಮಾಳದ ಮೇಲೆ, ಕೆರೆಯಂಗಳದ ಮೇಲೆ, ಗುಂಡುತೋಪಿನ ನೆರಳಿನಲ್ಲಿ. ಅವು ಸರ್ಕಾರದ ನೆಲ, ಖಾತೆದಾರನಿಲ್ಲ, ಆದ್ದರಿಂದ ಆ ನೆಲ ಹೋಗುವಾಗ ನೋಟೀಸು ತೆಗೆದುಕೊಳ್ಳುವ ಕೈಯೂ ಇಲ್ಲ. ಊರಿನ ಎಲ್ಲರ ನೆಲವಾದದ್ದರಿಂದಲೇ ಅದರ ಪರವಾಗಿ ತಕರಾರು ಹೇಳಲು ಯಾರಿಗೂ ಕಾಗದ ಬರುವುದಿಲ್ಲ.

ಹಾಗೆಂದು ಬಡವರೆಲ್ಲ ಬಡಾವಣೆಗೆ ವಿರೋಧವೆಂದು ತಿಳಿಯಬೇಡಿ. ಪೇಟೆಯ ಸಭೆಗಳಲ್ಲಿ ಹಳ್ಳಿಯ ಪರವಾಗಿ ಮಾತನಾಡುವವರು ಈ ತಪ್ಪನ್ನು ಧಾರಾಳವಾಗಿ ಮಾಡುತ್ತಾರೆ. ಊರ ಹೊರಗಿನ ಕೇರಿಯಲ್ಲಿ, ಗಳಿಗೆ ನೆಲವಿಲ್ಲದೆ ತಲೆಮಾರುಗಟ್ಟಲೆ ಇನ್ನೊಬ್ಬರ ಹೊಲದಲ್ಲಿ ಕಳೆ ಕಿತ್ತವರಿಗೆ, ಗೌಡರ ಹೊಲ ಹೋದರೆ ಅಳಬೇಕಾದ ಕಾರಣವಿಲ್ಲ. ಗಾರೆ ಕೆಲಸದ ಕೂಲಿ ಕಳೆ ಕೀಳುವ ಕೂಲಿಗಿಂತ ಹೆಚ್ಚು. ರಸ್ತೆ ಬಂದರೆ ಆಸ್ಪತ್ರೆ ಹತ್ತಿರವಾಗುತ್ತದೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಅವರಿಗಿರುವ ಅಂಜಿಕೆ ಬೇರೆ: ಸ್ಮಶಾನ ಎಲ್ಲಿಗೆ ಹೋಗುತ್ತದೆ? ಬಡಾವಣೆಯಲ್ಲಿ ಮನೆ ಕಟ್ಟಿದವರು ತಮ್ಮನ್ನು ಕೂಲಿಗೆ ಕರೆದಾರು, ನೆರೆಯಲ್ಲಿ ಇರಗೊಟ್ಟಾರೆ?

ಇನ್ನೊಂದು ಪಂಗಡವುಂಟು, ಅವರು ಊರಿನವರೂ ಅಲ್ಲ, ಹೊರಗಿನವರೂ ಅಲ್ಲ. ಭೂಪರಿವರ್ತನೆಯಾಗದ ಹೊಲವನ್ನು ತುಂಡು ಮಾಡಿ ಮಾರಿದ ‘ರೆವಿನ್ಯೂ ಸೈಟು’ಗಳನ್ನು ಕೊಂಡವರು. ಹೊಲಿಗೆ ಕಾರ್ಖಾನೆಯ ಕೆಲಸದವರು, ಚಾಲಕರು, ಸಣ್ಣ ಅಂಗಡಿಯವರು. ಕಾನೂನು ಇವರನ್ನು ಒಪ್ಪುವುದಿಲ್ಲ. ಇವರು ಕೊಟ್ಟ ಹಣ ಮಾತ್ರ ನಿಜ. ಕಾರಂತ ಬಡಾವಣೆಯಲ್ಲಿ ಇವರ ಪ್ರಶ್ನೆ ಎಷ್ಟು ದೊಡ್ಡದಾಯಿತೆಂದರೆ, 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಎ. ವಿ. ಚಂದ್ರಶೇಖರ್ ಅವರ ನೇತೃತ್ವದಲ್ಲಿ ಸಮಿತಿಯನ್ನೇ ನೇಮಿಸಿ, ಯಾವ ಕಟ್ಟಡ ಉಳಿಯಬಹುದು, ಯಾವುದು ಇಲ್ಲ ಎಂದು ಒಂದೊಂದಾಗಿ ನೋಡುವಂತೆ ಹೇಳಬೇಕಾಯಿತು.

ಅಷ್ಟು ಹೊತ್ತಿಗೆ ಕಾಲವೆಷ್ಟು ಕಳೆದಿತ್ತು, ಲೆಕ್ಕ ಹಾಕಿ. 2008ರಲ್ಲಿ ಪ್ರಾಥಮಿಕ ಅಧಿಸೂಚನೆ. 2014ರಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. ವರ್ಷಗಟ್ಟಲೆ ಮುಂದಿನ ಹೆಜ್ಜೆಯಿಡದೆ ನೆಲವನ್ನು ಹಿಡಿದಿಡುವುದು ಸಲ್ಲದೆಂದಿತು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗಿಟ್ಟಿತು. ಅದೇ ವರ್ಷದ ಅಕ್ಟೋಬರ್ 30ರಂದು ಅಂತಿಮ ಅಧಿಸೂಚನೆ ಬಂತು. ಮೊದಲ ಕಾಗದಕ್ಕೂ ಎರಡನೆಯ ಕಾಗದಕ್ಕೂ ನಡುವೆ ಹತ್ತು ವರ್ಷ. ಅಧಿಸೂಚನೆಯಲ್ಲಿ ಸೇರಿದ ನೆಲವೆಂದರೆ ಕೊಳ್ಳುವವರು ಹಿಂದೆಗೆಯುತ್ತಾರೆ, ಬ್ಯಾಂಕಿನವರು ಸಾಲಕ್ಕೆ ಯೋಚಿಸುತ್ತಾರೆ. ಹೋಗುವ ನೆಲಕ್ಕೆ ಬಾವಿ ಏಕೆ ತೋಡಬೇಕು, ಗೊಬ್ಬರ ಏಕೆ ಹೊಡೆಸಬೇಕು ಎಂದು ರೈತನೂ ಕೈಬಿಡುತ್ತಾನೆ. 2008ರಲ್ಲಿ ‘ಕೊಡುವುದಿಲ್ಲ’ ಎಂದವನು 2018ರಲ್ಲಿ ‘ಏನಾದರೂ ಒಂದು ಮಾಡಿ’ ಎಂದರೆ ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ನ್ಯಾಯವೆ? ಕಾದು ಸಾಕಾದವನ ಮಾತು ಅದು. ಊರಿನ ಅಭಿಪ್ರಾಯ ಬದಲಾಯಿತೆಂದು ಹೇಳುವ ಅಧಿಕಾರಿ, ಅದನ್ನು ಬದಲಾಯಿಸಿದ್ದು ಏನೆಂಬುದನ್ನೂ ಹೇಳಬೇಕು.

ಬೇರೆ ರೀತಿಯಲ್ಲಿ ಕೇಳಲು ಸಾಧ್ಯವಿಲ್ಲವೆಂದೇನಲ್ಲ. ಪಾರ್ಲಿಮೆಂಟು 2013ರಲ್ಲಿ ಮಾಡಿದ ಭೂಸ್ವಾಧೀನ ಕಾನೂನು 2014ರ ಜನವರಿ ಒಂದರಿಂದ ಜಾರಿಗೆ ಬಂತು. ಅದರಲ್ಲಿ ‘ಬಾಧಿತ ಕುಟುಂಬ’ ಎಂಬ ಮಾತಿಗೆ ಕೊಟ್ಟಿರುವ ಅರ್ಥವನ್ನು ಒಮ್ಮೆ ಓದಬೇಕು. ನೆಲದ ಒಡೆಯನಷ್ಟೇ ಅಲ್ಲ. ಮೂರು ವರ್ಷದಿಂದ ಅಲ್ಲಿ ದುಡಿದು ಅದರಿಂದಲೇ ಮುಖ್ಯವಾಗಿ ಹೊಟ್ಟೆ ಹೊರೆದ ಕೃಷಿ ಕೂಲಿ, ಗೇಣಿದಾರ, ವಾರದವನು, ಕುಶಲಕರ್ಮಿ ಎಲ್ಲರೂ ಅದರಲ್ಲಿ ಸೇರುತ್ತಾರೆ. ಸ್ವಾಧೀನದಿಂದ ಊರಿಗೆ ಆಗುವ ಪರಿಣಾಮವನ್ನು ಮೊದಲೇ ಅಳೆಯಬೇಕು, ಊರಿನಲ್ಲಿಯೇ ಬಹಿರಂಗ ವಿಚಾರಣೆ ನಡೆಸಬೇಕು. ವಾರದವನೂ ಕುರಿಯವನೂ ಎದ್ದುನಿಂತು ಮಾತನಾಡಬಹುದಾದ ಜಾಗ ಅದು. ಆದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸ್ವಾಧೀನಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಹೇಳಿತು. ಕಾನೂನಿನ ದೃಷ್ಟಿಯಿಂದ ಅದಕ್ಕೆ ಕಾರಣಗಳಿವೆ. ಕಟ್ಟೆಯ ಮೇಲೆ ಕುಳಿತವನಿಗೆ ಅವನ್ನು ತಿಳಿಸಿ ಹೇಳುವುದು ಮಾತ್ರ ಕಷ್ಟ.

ಕಾನೂನು ಕರೆಯದಿದ್ದರೆ ಊರಿನವರು ತಾವಾಗಿಯೇ ಬೀದಿಗೆ ಬರುತ್ತಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳವರು 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಚಳವಳಿ ಹೂಡಿದರು. ಅಲ್ಲಿ ನೆಲ ಕೇಳಿದ್ದು ಮನೆಗಳಿಗಲ್ಲ, ಕೈಗಾರಿಕೆಗೆ, 1,777 ಎಕರೆ. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಕೈಬಿಡುವಾಗ, ತಾವಾಗಿಯೇ ಕೊಡಲು ಮುಂದೆ ಬರುವವರ ನೆಲವನ್ನು ಕೊಳ್ಳುವುದಾಗಿಯೂ ಹೇಳಿತು; ಕೊಡುತ್ತೇವೆನ್ನುವವರೂ ಅಲ್ಲಿ ಇದ್ದರು. ಅಷ್ಟು ದೃಢವಾಗಿ ನಿಂತ ಹಳ್ಳಿಗಳಲ್ಲಿಯೂ ಎರಡು ಮಾತಿತ್ತೆಂಬುದನ್ನು ಗಮನಿಸಿ. ಅದರಿಂದ ಚಳವಳಿಯ ಬೆಲೆ ಕಡಿಮೆಯಾಗುವುದಿಲ್ಲ. ಒಂದೇ ದನಿಯ ಹಳ್ಳಿ ಸಿನಿಮಾದಲ್ಲಿ ಸಿಕ್ಕೀತು.

ನಮ್ಮಲ್ಲಿ ಗ್ರಾಮಸಭೆಯೆಂಬುದು ಕಾನೂನಿನಲ್ಲಿಯೇ ಇದೆ. ಮತದಾರರೆಲ್ಲರೂ ಅದರ ಸದಸ್ಯರು. ಪಹಣಿ ಇದ್ದವನೂ ಇಲ್ಲದವನೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬಹುದಾದ ಸಭೆ ಅದೊಂದೇ. ಫಲಾನುಭವಿಗಳ ಪಟ್ಟಿ ಓದುವುದಕ್ಕೆ ಅದನ್ನು ಕರೆಯುತ್ತಾರಲ್ಲ, ಊರೇ ಹೋಗುವಾಗ ಕರೆಯಲು ಏನು ಅಡ್ಡಿ? ನಿವೇಶನ ಬೇಕಾದ ನಮಗೂ ಅದರಿಂದ ನಷ್ಟವಿಲ್ಲ. ಹತ್ತು ವರ್ಷ ಕೋರ್ಟು ಅಲೆದ ನೆಲದಲ್ಲಿ ಮನೆ ಕಟ್ಟುವುದಕ್ಕಿಂತ, ಹತ್ತು ತಿಂಗಳು ಊರಿನವರ ಮಾತು ಕೇಳಿ ತೆಗೆದುಕೊಂಡ ನೆಲದಲ್ಲಿ ಮನೆ ಬೇಗ ಏಳುತ್ತದೆ.

ಪರಿಹಾರದ ಮಾತು ಉಳಿಯಿತು. ಬೆಂಗಳೂರಿನ ಬಡಾವಣೆಗಳಲ್ಲಿ ಹಣದ ಬದಲು ಅಭಿವೃದ್ಧಿಪಡಿಸಿದ ನೆಲವನ್ನೇ ಕೊಡುವ ಕ್ರಮವೊಂದು ಬಂದಿದೆ. ಒಂದು ಎಕರೆಯಲ್ಲಿ ರಸ್ತೆ, ಉದ್ಯಾನ ಕಳೆದು ನಿವೇಶನಕ್ಕೆ ಉಳಿಯುವುದು ನೂರಕ್ಕೆ ಐವತ್ತೈದು ಪಾಲು. ಅದರಲ್ಲಿ ನಲವತ್ತು ಪಾಲು ರೈತನಿಗೆ. ಎಕರೆಗೆ 9,583 ಚದರ ಅಡಿ ಎಂದಾಗುತ್ತದೆ. ಹಿಂದಿನ ಕ್ರಮಗಳಿಗಿಂತ ಇದು ಮೇಲು, ಸಂದೇಹವಿಲ್ಲ. ಕಟ್ಟೆಯ ಮೇಲಿನ ನಮ್ಮ ಇಪ್ಪತ್ತು ಗುಂಟೆಯವನಿಗೆ ಇದನ್ನು ಅನ್ವಯಿಸಿ ನೋಡೋಣ. ಅವನಿಗೆ ಬರುವುದು 4,791 ಅಡಿ. ಆ ಜಮೀನು ತಂದೆಯ ಕಾಲದ್ದಾದರೆ ಇಬ್ಬರು ತಮ್ಮಂದಿರಿಗೂ ಪಾಲುಂಟು, ಮದುವೆಯಾಗಿ ಹೋದ ತಂಗಿಗೂ ಉಂಟು. (ಹೆಣ್ಣುಮಕ್ಕಳಿಗೆ ಸಮಪಾಲೆಂಬ ಕಾನೂನು ನಮ್ಮ ರಾಜ್ಯದಲ್ಲಿ 1994ರಲ್ಲಿ ಬಂತು, ದೇಶಕ್ಕೆ 2005ರಲ್ಲಿ, ಎಷ್ಟೋ ಮನೆಗಳಲ್ಲಿ ಆ ತಂಗಿಯ ನೆನಪು ಬರುವುದು ಮಾತ್ರ ಪರಿಹಾರದ ಕಾಗದಕ್ಕೆ ಸಹಿ ಬೇಕಾದಾಗ.) ನಾಲ್ವರಿಗೆ ಹಂಚಿದರೆ ತಲಾ 1,198 ಅಡಿ. ಎಂದರೆ ಒಬ್ಬೊಬ್ಬರಿಗೆ ಒಂದೊಂದು ಮೂವತ್ತು ನಲವತ್ತು, ಎರಡು ಅಡಿ ಕಡಿಮೆ. ಪೇಟೆಯ ಬೆಲೆಯಲ್ಲಿ ಅದೇನು ಸಣ್ಣ ಆಸ್ತಿಯಲ್ಲ. ಅದನ್ನು ಕಂಡು ಅಸೂಯೆಪಡುವ ಬಾಡಿಗೆದಾರರು ನಮ್ಮಲ್ಲಿ ಎಷ್ಟೋ ಜನ.

ಲೆಕ್ಕ ಮುಗಿಸಿ ಎಲ್ಲರೂ ಏಳುವ ಹೊತ್ತಿಗೆ, ಆ ಮನೆಯ ಹೆಂಗಸು ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳುತ್ತಾಳೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ವಾರದ ಬಟವಾಡೆಯಿಂದ ಸಂಸಾರ ತೂಗಿಸುವವಳು ಅವಳು. ಸೈಟಿನಲ್ಲಿ ಹಸು ಎಲ್ಲಿ ಕಟ್ಟುವುದು, ಅದಕ್ಕೆ ಮೇವು ಎಲ್ಲಿಂದ ತರುವುದು ಎನ್ನುತ್ತಾಳೆ. ಪಹಣಿಯಲ್ಲಿ ಅವಳ ಹೆಸರಿಲ್ಲ. ಅವಳಿಗೆ ನೋಟೀಸು ಬಂದಿಲ್ಲ. ಮೂವತ್ತು ದಿನಗಳ ವಾಯಿದೆ ಆಗಲೇ ಕಳೆದಿದೆ.