ಕೊಂಬಿನ ದನಿ



ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ದೇವರ ಬಲಿ ಹೊರಡುವಾಗಲೂ ಭೂತದ ನೇಮ ನಡೆಯುವಾಗಲೂ ಕೊಂಬು ಮೊಳಗುವುದುಂಟು. ಬಿಲ್ಲಿನಂತೆ ಬಾಗಿದ ಆ ಹಿತ್ತಾಳೆಯ ವಾದ್ಯವನ್ನು ಕಂಡ ಮಗು, “ಇದಕ್ಕೆ ಕೊಳಲಿನಂತೆ ತೂತುಗಳಿಲ್ಲವಲ್ಲ, ಸ್ವರ ಬದಲಾಗುವುದು ಹೇಗೆ?” ಎಂದು ಕೇಳಿದರೆ, ನಾವು “ಕೈ ಮುಗಿದು ಸುಮ್ಮನಿರು” ಎಂದುಬಿಡುತ್ತೇವೆ. ಪ್ರಶ್ನೆಯು ಅಲ್ಲಿಯೇ ಆರಿಹೋಗುವುದು.

ಉತ್ತರವನ್ನು ಮನೆಯಲ್ಲಿಯೇ ತೋರಿಸಬಹುದು. ಒಲೆಯ ಊದುಕೊಳವೆಯನ್ನೋ, ತೋಟಕ್ಕೆ ನೀರು ಹಾಯಿಸುವ ರಬ್ಬರು ಕೊಳವೆಯ ತುಂಡನ್ನೋ ಮಗುವಿನ ಕೈಗೆ ಕೊಡೋಣ. ಬರಿದೆ ಊದಿದರೆ ಗಾಳಿ ಮಾತ್ರ ಬರುವುದು. ತುಟಿಗಳನ್ನು ಬಿಗಿಹಿಡಿದು, ಅವು ದುಂಬಿಯಂತೆ ಝೇಂಕರಿಸುವಂತೆ ಊದಿದರೆ ಕೊಳವೆ ದನಿಗೊಡುವುದು. ತುಟಿ ಅದುರುತ್ತದೆ, ಒಳಗಿನ ಗಾಳಿಯ ಕಂಬವು ತನ್ನ ಉದ್ದಕ್ಕೆ ಒಪ್ಪುವ ಕಂಪನಗಳನ್ನೇ ಎತ್ತಿಹಿಡಿಯುತ್ತದೆ. ಕೊಂಬಿನಲ್ಲಿಯೂ ನಡೆಯುವುದು ಇದೇ. ತುಟಿಯನ್ನು ಮತ್ತಷ್ಟು ಬಿಗಿದಂತೆಲ್ಲ ದನಿಯು ಮೆಟ್ಟಿಲು ಹಾರುತ್ತ ಷಡ್ಜದಿಂದ ಪಂಚಮಕ್ಕೆ, ಅಲ್ಲಿಂದ ಮೇಲಿನ ಷಡ್ಜಕ್ಕೆ ನೆಗೆಯುವುದು. ಈ ಮೂರರ ಕಂಪನಗಳ ಪ್ರಮಾಣ ಹೆಚ್ಚುಕಡಮೆ 2, 3, 4. ಬರಬರುತ್ತ ಅಗಲವಾಗುವ ಬಾಯಿಯು ದನಿಯನ್ನು ಬಯಲಿಗೆ ಹರಡುತ್ತದೆ. ಬಾಗಾದರೋ, ಉದ್ದವಾದ ಕೊಳವೆಯನ್ನು ಹಿಡಿದು ನಡೆಯಲು ಅನುಕೂಲ.

ಇಷ್ಟನ್ನು ತಾನೇ ಊದಿ ತಿಳಿದ ಮಗು, ಏಪ್ರಿಲ್ ತಿಂಗಳಲ್ಲಿ ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಗೆ ಹೋದಾಗ ವಾದ್ಯದ ಹೊಳಪಿನ ಹಿಂದಿರುವ ಮನುಷ್ಯನನ್ನೂ ನೋಡುವುದು. ಉತ್ಸವ ಮುಗಿಯುವವರೆಗೆ ಉಸಿರನ್ನೂ ತುಟಿಯ ಬಿಗಿಯನ್ನೂ ಕಾಯ್ದುಕೊಳ್ಳುವ ಆತನ ಶ್ರಮ ಅದಕ್ಕೆ ಅರ್ಥವಾಗುವುದು. ಬೆಲೆಯರಿತು ಕೇಳುವವರಿಲ್ಲದ ವಿದ್ಯೆಯನ್ನು ಕಲಿಯಲು ಯಾವ ಮನೆಯ ಹುಡುಗನೂ ಮುಂದೆ ಬಾರನು. ಅಂಥ ಕೇಳುಗರನ್ನು ಬೆಳೆಸುವ ಹೊಣೆ ನಮ್ಮದು. ಮಗುವಿನ ಪ್ರಶ್ನೆಗೆ ಉತ್ತರ ಕೊಡುವುದೇ ಅದರ ಮೊದಲು.